ನೀರಿನ ಲೋಟದಲ್ಲಿ ಒಂದು ತೊಟ್ಟು

ಹಿಡಿದರೆ ಲಿವರು ಹ್ಯಾಂಡಲ್ಲಿಗೇ ಬಂದು ಮುಟ್ಟುತ್ತೆ,
ಹತ್ತಿ ಸತ್ತ ದಿಂಬಿನ ಹಾಗೆ.
ಹಾಸನೂರಿಂದ ತಾಳವಾಡಿಗೆ
ಕಾಲಲ್ಲೇ ಬ್ರೇಕು ಹಾಕಿಕೊಂಡು ಬಂದಿದ್ದಾಳೆ ನರ್ಸು ತೇನ್‌ಮೊಳಿ.
ಚಪ್ಪಲಿಯ ಹಿಮ್ಮಡಿ ಅರ್ಧ ಇಲ್ಲ.
"ಅಣ್ಣಾ, ನಾಳಿದ್ದು ದಿಂಬಂ ಇಳೀಬೇಕು."

ಕೊಯಮತ್ತೂರಿನಲ್ಲಿ ಯಾರೋ ಓಡಿಸಿ ಮಾರಿದ ಸೈಕಲ್ಲು.
ಕ್ಯಾಪಿನ ಮೇಲಿದ್ದ ಅಕ್ಷರ
ಬೆವರಿಗೋ ಬಿಸಿಲಿಗೋ ಅಳಿಸಿಹೋಗಿದೆ.
ಏನು ಕುಡಿಯುತ್ತೀಯ ಅಂತ ಕೇಳಿದರೆ
ಹೇಳುವವರಿಲ್ಲ.

ನನ್ನ ಶೆಲ್ಫಿನಲ್ಲಿರುವುದು ಒಂದೇ,
ಬೈಕಿಗೆ ಹಾಕುವ ಬ್ರೇಕ್ ಆಯಿಲು, ಕೆಂಪು ಮುಚ್ಚಳದ್ದು.
ಹೆಸರಿಗೆ ಆಯಿಲು; ಎಣ್ಣೆಯ ಕುಲವೇ ಅಲ್ಲ ಅದು.
ಪೇಂಟಿನ ಮೇಲೆ ಬಿದ್ದರೆ ಪೇಂಟು ತಿನ್ನುತ್ತೆ,
ಮುಚ್ಚಳ ಮರೆತರೆ ಗಾಳಿಯೊಳಗಿನ ನೀರು ಹೀರುತ್ತೆ.

ನಿಪ್ಪಲ್ ಸಡಿಲಿಸಿ ಹಳೇದನ್ನು ಒಂದು ತೊಟ್ಟು
ಟೀ ಲೋಟದ ನೀರಿಗೆ ಬಿಟ್ಟೆ.
ಕರಗಿದರೆ ಅದು, ತೇಲಿದರೆ ಇದು.
ಬಗ್ಗಿ ನೋಡಿದೆವು ಇಬ್ಬರೂ,
ಮೂರನೆಯವರಾಗಿ ಕನ್ನಡದ ನಂಜೇದೇವ ಮೇಷ್ಟ್ರು.
ತೊಟ್ಟು ಮುಳುಗಲಿಲ್ಲ, ಚದುರಲಿಲ್ಲ.
ಮೇಲೆ ನಿಂತು ಒಂದು ಕಣ್ಣಾಯಿತು,
ಅಂಗಡಿಯ ಟ್ಯೂಬ್‌ಲೈಟನ್ನು ಒಳಗೆ ಇಟ್ಟುಕೊಂಡು.

"ನೋಡು, ಗಡಿಯಲ್ಲಿರೋ ನಮ್ಮ ಕನ್ನಡವೂ ಹೀಗೇ,
ಬೆರೀದೆ, ಕರಗದೆ..."
ಸುಮ್ನಿರಿ ಸಾ, ಅಂದೆ. ಇದು ರಬ್ಬರಿನ ವಿಷಯ.
ಎಣ್ಣೆ ಉಂಡು ಬೆಳೆದ ಸೀಲಿಗೆ
ಇನ್ನೊಂದು ಸುರಿದರೆ ಉಬ್ಬಿ ಕೆಡುತ್ತೆ.
ಭಾಷೆಗೆ ಹಾಗಾಗಲ್ಲ.
ನನ್ನ ಹೆಂಡತಿ ನನ್ನನ್ನು ಬಯ್ಯುವುದು
ಎರಡರಲ್ಲೂ.

ಟೈಲರ್ ಖಾಜಾಮೈದೀನ್ ಹೊಲಿಗೆ ಮಿಷನ್ನಿನ ಎಣ್ಣೆ ತಂದ.
"ಇದೂ ತೇಲುತ್ತೆ, ತಗೋ."
ತೇಲಿತು, ನಿಜ. ತೇಲುವುದೆಲ್ಲ
ಇಪ್ಪತ್ತೇಳು ತಿರುವಿನ ಕಾವಿನಲ್ಲಿ
ಬೆರಳಿನ ಮಾತನ್ನು ಚಕ್ರಕ್ಕೆ ಮುಟ್ಟಿಸುತ್ತದೆಯೇ?
ಗೊತ್ತಿಲ್ಲ. ಗೊತ್ತಿಲ್ಲದ್ದನ್ನು
ಒಮ್ಮೆ ಮಾಡಿದ್ದೇನೆ.

ಆರು ವರ್ಷದ ಹಿಂದೆ, ಜಡೆಮಾದನ ಸೈಕಲ್ಲಿಗೆ
ಇದೇ ಕೆಂಪು ಮುಚ್ಚಳದ್ದು ಉಯ್ದಿದ್ದೆ.
ಮೊದಲ ವಾರ ಚೆನ್ನಾಗಿತ್ತು. ಅದೇ ಮೋಸ.
ಹದಿನೆಂಟನೇ ತಿರುವಿನಲ್ಲಿ
ಲಿವರು ಮುಷ್ಟಿಯೊಳಕ್ಕೆ ಬಂತು,
ಚಕ್ರಕ್ಕೆ ಸುದ್ದಿ ಹೋಗಲಿಲ್ಲ.
ಹುಡುಗನನ್ನು ಚರಂಡಿ ಹಿಡಿದುಕೊಂಡಿತು.
ಗದ್ದಕ್ಕೆ ಏಳು ಹೊಲಿಗೆ.
ಆಸ್ಪತ್ರೆಯಲ್ಲಿ ಅವನ ಅವ್ವ ಕೇಳಿದ್ದು ಒಂದೇ,
"ಏನ್ಲಾ ಉಯ್ದೆ ಅದ್ಕೆ?"
ಉತ್ತರ ಗೊತ್ತಿತ್ತು. ನಾಲಗೆ ಏಳಲಿಲ್ಲ.

ಅವನೀಗ ಮೈಸೂರು ಬಸ್ಸಿನ ಕಂಡಕ್ಟರು.
ಅವನಿಗೇ ಫೋನು ಮಾಡಿದೆ:
ಮಿನರಲ್ ಆಯಿಲು, ಸೈಕಲ್ ಬ್ರೇಕಿಂದೇ,
ಸೀಲು ಒಡೆಯದ ಬಾಟ್ಲಿ.
ಆ ಕಡೆ ಬಸ್ಸಿನ ಸದ್ದು ಮಾತ್ರ, ಬಹಳ ಹೊತ್ತು.
ಆಮೇಲೆ, "ಬಿಡಿಸಿ ಹೇಳು."
ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ.
"ಇನ್ನೊಂದ್ಸಲ."

ಮರುದಿನ ಸಂಜೆ ಬಾಟ್ಲಿ ಚಾಚಿದ.
"ಲಗೇಜ್ ಟಿಕೆಟ್ಟು, ಹನ್ನೆರಡು ರೂಪಾಯಿ."
ಕೊಟ್ಟೆ. ಟಿಕೆಟ್ಟು ಹರಿದು ಕೈಗಿಟ್ಟ,
ಗದ್ದವನ್ನು ಆ ಕಡೆಗೆ ತಿರುಗಿಸಿಕೊಂಡು.

ಪ್ಯಾಡು ಕಳಚಿ ದೂರ ಇಟ್ಟೆ,
ದನದ ಡಾಕ್ಟರು ಕೊಟ್ಟ ಹೊಸ ಸಿರಿಂಜು ತುಂಬಿದೆ.
ಕೆಳಗಿಂದ ಒತ್ತಿದರೆ ಗುಳ್ಳೆ ಏಳುತ್ತವೆ,
ಸಾಸಿವೆಯಷ್ಟು, ಆಮೇಲೆ ರಾಗಿಯಷ್ಟು.
ಕೆಲವು ಮೂಲೆ ಹಿಡಿದು ಕೂರುತ್ತವೆ,
ಪೈಪು ತಟ್ಟಿ ಎಬ್ಬಿಸಬೇಕು.
ಮುಗೀತು ಅಂದೆ. "ಇಲ್ಲಣ್ಣಾ, ಇನ್ನೊಂದಿದೆ."
ಡ್ರಿಪ್ಪಿನ ನಳಿಕೆ ನೋಡಿ ಪಳಗಿದ ಕಣ್ಣು,
ನನಗೆ ಕಾಣದ್ದು ಅವಳಿಗೆ ಕಂಡಿತು.

ಕ್ಯಾಪಿನ ಮೇಲೆ ಮೊಳೆಯಿಂದ ಗೀಚಿದೆ: ಎಣ್ಣೆ.
"ನಂಗೆ ಕನ್ನಡ ಓದಕ್ಕೆ ಬರಲ್ಲ."
ಓದಿ ಹೇಳಿದೆ. ನಕ್ಕಳು. "ಎಣ್ಣೆಯ್!"
ಕೊನೆಗೊಂದು ಯಕಾರ, ಅಷ್ಟೇ ಹೆಚ್ಚು.
ಮೇಷ್ಟ್ರು ಬಾಯಿ ತೆರೆದರು.
ನಾನು ನೋಡಿದೆ.
ಮುಚ್ಚಿದರು.

ಅಂಗಡಿ ಮುಂದಿನ ಇಳಿಜಾರಿನಲ್ಲಿ
ಒಮ್ಮೆ ಹಿಡಿದು ನೋಡಿದಳು.
ಸೈಕಲ್ಲು ನಿಂತಿತು.
ಧೂಳು ಮಾತ್ರ ಸ್ವಲ್ಪ ಮುಂದೆ ಹೋಗಿ
ಜಡೆಮಾದನ ಬಸ್ಸಿನ ಚಕ್ರದ ಪಕ್ಕ
ಕೂತುಕೊಂಡಿತು.